ಭತ್ತದ ಗದ್ದೆ ಮೀಥೇನ್: ಭಾರತಕ್ಕೂ ಚೀನಾಕ್ಕೂ ಯಾಕಿಷ್ಟು ವ್ಯತ್ಯಾಸ, ಯಾವ ಲೆಕ್ಕ ನಂಬೋದು?

ಪ್ರಶ್ನೆ: ಸರ್, ನಾನು ಬಿಎಸ್ಸಿ ಅಗ್ರಿ ಕೊನೇ ವರ್ಷ. ಸೆಮಿನಾರ್‌ಗೆ ಭಾರತ-ಚೀನಾ ಭತ್ತದ ಮೀಥೇನ್ ಹೋಲಿಕೆ ತಗೊಂಡಿದೀನಿ. ಎರಡೂ ದೇಶದ ಸರ್ಕಾರಿ ವರದಿ ನೋಡಿದ್ರೆ ಚೀನಾದ್ದು ನಮ್ಮ ಎರಡೂವರೆ ಪಟ್ಟು ಇದೆ, ಎಫ್‌ಎಓ (ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ) ಡೇಟಾ ನೋಡಿದ್ರೆ ಎರಡೂ ಹತ್ತಿರ ಹತ್ತಿರ. ಗದ್ದೆ ಜಾಸ್ತಿ ಇರೋದು ಮಾತ್ರ ನಮ್ಮಲ್ಲಿ. ಯಾವುದನ್ನ ನಂಬ್ಲಿ? ನಮ್ಮ ಭತ್ತ ಕ್ಲೀನ್ ಅಂತ ಒಂದು ಸ್ಲೈಡ್ ಹಾಕ್ಬೋದಾ? ನೀರು ಬಿಟ್ಟು ಬಿಟ್ಟು ಕೊಟ್ರೆ ಸಮಸ್ಯೆ ಮುಗೀತಾ?

ಉತ್ತರ:

ಕ್ಲೀನ್ ಅಂತ ಸ್ಲೈಡ್ ಹಾಕ್ಬೇಡಿ, ಮೊದ್ಲೇ ಹೇಳ್ಬಿಡ್ತೀನಿ. ನೀವು ನೋಡಿರೋ ಎರಡು ಲೆಕ್ಕದಲ್ಲಿ ಯಾವುದೂ ಸುಳ್ಳಲ್ಲ, ಆದ್ರೆ ಎರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಹೇಳ್ತಿವೆ. ಇನ್ನೊಂದು ವಿಷಯ, ಭತ್ತದ ಮೀಥೇನ್ (ನೀರು ನಿಂತ ಗದ್ದೆಯಿಂದ ಏಳೋ, ಭೂಮಿ ಬಿಸಿ ಮಾಡೋ ಅನಿಲ) ಅಂದ ತಕ್ಷಣ ಎಲ್ಲರೂ ನೀರಿನ ಬಗ್ಗೆನೇ ಮಾತಾಡ್ತಾರೆ, ಕೊಯ್ಲಾದ ಮೇಲೆ ಭತ್ತದ ಹುಲ್ಲು ಎಲ್ಲಿ ಹೋಯ್ತು ಅಂತ ಯಾರೂ ಕೇಳಲ್ಲ. ನನ್ನ ಪ್ರಕಾರ ಈ ಎರಡು ದೇಶದ ವ್ಯತ್ಯಾಸದಲ್ಲಿ ದೊಡ್ಡ ಪಾಲು ಹುಲ್ಲಿನದ್ದೇ. ಅಲ್ಲಿಗೆ ನಿಧಾನಕ್ಕೆ ಬರ್ತೀನಿ.

ಮೊದಲು ಸರ್ಕಾರಿ ಅಂಕಿ. ಭಾರತ ವಿಶ್ವಸಂಸ್ಥೆಗೆ ಕೊಟ್ಟಿರೋ ವರದಿಯಲ್ಲಿ 2016ನೇ ವರ್ಷಕ್ಕೆ ಭತ್ತದ ಮೀಥೇನ್ ಸುಮಾರು 34 ಲಕ್ಷ ಟನ್, ಅದಕ್ಕೂ ಮುಂಚೆ 2007ರ ಲೆಕ್ಕದಲ್ಲಿ 33 ಲಕ್ಷ ಟನ್ ಚಿಲ್ಲರೆ, ಅಂದ್ರೆ ವರ್ಷಗಳು ಕಳೆದ್ರೂ ಅಷ್ಟಕ್ಕಷ್ಟೇ ನಿಂತಿದೆ. ಚೀನಾ 2014ನೇ ವರ್ಷಕ್ಕೆ ಕೊಟ್ಟಿದ್ದು ಸುಮಾರು 89 ಲಕ್ಷ ಟನ್. ಈಗ ಇದನ್ನ ಗದ್ದೆಗೆ ಹಂಚಿ ನೋಡಿ. ಚೀನಾದಲ್ಲಿ ಭತ್ತ ಬೆಳೆಯೋ ಏರಿಯಾ ಸುಮಾರು 3 ಕೋಟಿ ಹೆಕ್ಟೇರ್, ನಮ್ದು ಆಗ ಸುಮಾರು 4.4 ಕೋಟಿ. ಭಾಗಿಸಿದ್ರೆ ಚೀನಾಕ್ಕೆ ಹೆಕ್ಟೇರಿಗೆ ಹತ್ರ ಹತ್ರ 295 ಕೆಜಿ, ನಮಗೆ 77 ಕೆಜಿ ಮೀಥೇನ್ ಬರುತ್ತೆ, ಹೆಚ್ಚುಕಮ್ಮಿ ನಾಲ್ಕು ಪಟ್ಟು. ಅದನ್ನೇ ಬೆಳೆಗೆ ಹಂಚಿದ್ರೆ, ಚೀನಾ ಸುಮಾರು 20.6 ಕೋಟಿ ಟನ್ ಭತ್ತ ಬೆಳೆಯುತ್ತೆ, ನಾವು ಆ ವರ್ಷ ಸುಮಾರು 16.4 ಕೋಟಿ ಟನ್, ಹಾಗಾಗಿ ಒಂದು ಟನ್ ಭತ್ತಕ್ಕೆ ಅವರದ್ದು 43 ಕೆಜಿ, ನಮ್ಮದು 21. ನಾಲ್ಕು ಪಟ್ಟು ಇದ್ದಿದ್ದು ಎರಡು ಪಟ್ಟಿಗೆ ಇಳೀತು. ಏನೂ ಮಾಡ್ಲಿಲ್ಲ, ಭಾಗಿಸೋ ಸಂಖ್ಯೆ ಬದಲಾಯಿಸಿದ್ವಿ ಅಷ್ಟೆ.

ಇಲ್ಲೊಂದು ಕಡೆ ಬಹಳ ಜನ ಎಡವ್ತಾರೆ. ನಮ್ಮ ಕೃಷಿ ಇಲಾಖೆ ಅಂಕಿಅಂಶ ಕೊಡೋದು ಅಕ್ಕಿ ಲೆಕ್ಕದಲ್ಲಿ, ಎಫ್‌ಎಓ ಕೊಡೋದು ಭತ್ತದ ಲೆಕ್ಕದಲ್ಲಿ, ಚೀನಾದ ಸರ್ಕಾರನೂ ಭತ್ತದ ಲೆಕ್ಕನೇ ಕೊಡುತ್ತೆ. ಒಂದು ಟನ್ ಭತ್ತ ಮಿಲ್ಲಿಗೆ ಹಾಕಿದ್ರೆ ಮೂರರಲ್ಲಿ ಎರಡು ಪಾಲು ಅಕ್ಕಿ ಬರುತ್ತೆ, ಉಳಿದಿದ್ದು ಹೊಟ್ಟು, ತವುಡು. ಹಾಗಾಗಿ ಚೀನಾದ ಇಳುವರಿ 7 ಟನ್ ನಮ್ದು 2.7 ಟನ್ ಅಂತ ಪಕ್ಕ ಪಕ್ಕ ಬರೆದ್ರೆ ತಪ್ಪು, ಭತ್ತಕ್ಕೆ ಭತ್ತ ಹೋಲಿಸಿದ್ರೆ 7ಕ್ಕೆ 4 ಚಿಲ್ಲರೆ. ಸ್ಲೈಡ್ ಹಾಕೋ ಮುಂಚೆ ನಿಮ್ಮ ಟೇಬಲ್‌ನಲ್ಲಿ ಯಾವ ಕಾಲಂ ಅಕ್ಕಿ ಯಾವುದು ಭತ್ತ ಅಂತ ಒಂದ್ಸಲ ನೋಡ್ಕೊಳ್ಳಿ.

ಇನ್ನೊಂದು ಅಂಥದ್ದೇ. ಮೀಥೇನನ್ನ ಸಿಓಟು (ಕಾರ್ಬನ್ ಡೈಆಕ್ಸೈಡ್) ಲೆಕ್ಕಕ್ಕೆ ತರೋಕೆ ಗುಣಿಸೋ ಸಂಖ್ಯೆ ಕಾಲಕಾಲಕ್ಕೆ ಬದಲಾಗಿದೆ. ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿ ಐಪಿಸಿಸಿಯ ಎರಡನೇ ವರದಿಯಲ್ಲಿ 21, ನಾಲ್ಕನೆಯದ್ರಲ್ಲಿ 25, ಐದನೆಯದ್ರಲ್ಲಿ 28, ಆರನೆಯದ್ರಲ್ಲಿ ಗದ್ದೆ ದನ ಇಂಥವುಗಳ ಮೀಥೇನ್‌ಗೆ 27. ಇವೆಲ್ಲಾ ನೂರು ವರ್ಷದ ಲೆಕ್ಕ, ಇಪ್ಪತ್ತು ವರ್ಷಕ್ಕೆ ನೋಡಿದ್ರೆ ಅದು 80ರ ಹತ್ರ ಹೋಗುತ್ತೆ, ಯಾಕಂದ್ರೆ ಮೀಥೇನ್ ಗಾಳಿಯಲ್ಲಿ ಹತ್ತು ಹನ್ನೆರಡು ವರ್ಷ ಇರುತ್ತೆ ಅಷ್ಟೆ, ಇರೋ ತನಕ ಜೋರಾಗಿ ಕೆಲಸ ಮಾಡುತ್ತೆ. ಚೀನಾದ 89 ಲಕ್ಷ ಟನ್ನಿಗೆ 21 ಹಾಕಿದ್ರೆ 18.7 ಕೋಟಿ ಟನ್ ಸಿಓಟು, 28 ಹಾಕಿದ್ರೆ 25 ಕೋಟಿ. ಒಂದು ದೇಶಕ್ಕೆ ಹಳೇ ಸಂಖ್ಯೆ, ಇನ್ನೊಂದಕ್ಕೆ ಹೊಸದು ಹಾಕಿರೋ ಚಾರ್ಟುಗಳು ಬೇಕಾದಷ್ಟು ಓಡಾಡ್ತಿವೆ. ನೀವು ಸುಮ್ನೆ ಮೀಥೇನ್ ಟನ್ನಲ್ಲೇ ಹೋಲಿಸಿ, ತಲೆನೋವಿಲ್ಲ.

ಈಗ ಎಫ್‌ಎಓದಲ್ಲಿ ಯಾಕೆ ಹತ್ತಿರ ಬರುತ್ತೆ ಅನ್ನೋದು. ಎಫ್‌ಎಓ ಯಾವ ದೇಶದ ಗದ್ದೆಗೂ ಹೋಗಿ ಅಳೆಯಲ್ಲ, ಐಪಿಸಿಸಿ ಕೊಟ್ಟಿರೋ ಸಿದ್ಧ ಗುಣಕಗಳನ್ನ (ಇಂಥ ಗದ್ದೆಯ ಒಂದು ಹೆಕ್ಟೇರಿಗೆ ಇಷ್ಟು ಮೀಥೇನ್ ಅನ್ನೋ ಸಂಖ್ಯೆ) ಆಯಾ ದೇಶದ ಏರಿಯಾಗೆ ಗುಣಿಸುತ್ತೆ. ಎಲ್ಲಾ ದೇಶಕ್ಕೂ ಒಂದೇ ಅಳತೆಗೋಲು ಅನ್ನೋದು ಅದರ ಒಳ್ಳೇದು, ಆ ದೇಶದ ರೈತ ಹುಲ್ಲನ್ನ ಏನು ಮಾಡ್ದ, ನೀರು ಎಷ್ಟು ಸಲ ಕಟ್ಟಿದ, ಎಷ್ಟು ಸಲ ಹೊರಗೆ ಬಿಟ್ಟ ಅನ್ನೋದು ಅದಕ್ಕೆ ಸರಿಯಾಗಿ ಕಾಣಲ್ಲ ಅನ್ನೋದು ಕೆಟ್ಟದ್ದು. ಸರ್ಕಾರಿ ವರದಿಗಳಲ್ಲಿ ಆಯಾ ದೇಶದ ಸ್ವಂತ ಅಳತೆ, ಸ್ವಂತ ಮಾಡೆಲ್ ಇರುತ್ತೆ. ಚೀನಾದವರು ಕಂಪ್ಯೂಟರ್ ಮಾಡೆಲ್‌ನಲ್ಲಿ ಪ್ರಾಂತ್ಯವಾರು ಹುಲ್ಲು ಗೊಬ್ಬರ ನೀರು ಎಲ್ಲಾ ಹಾಕಿ ತೆಗೀತಾರೆ, ನಮ್ಮವರು ನೀರಾವರಿ, ಮಳೆಯಾಶ್ರಿತ, ಆಳ ನೀರು ಅಂತ ಗದ್ದೆಗಳನ್ನ ವಿಂಗಡಿಸಿ ಒಂದೊಂದಕ್ಕೂ ಇಲ್ಲೇ ಅಳೆದ ಗುಣಕ ಹಾಕ್ತಾರೆ. ಒಂದು ದೇಶದೊಳಗಿನ ಏರಿಳಿತಕ್ಕೆ ನಾನು ಸರ್ಕಾರಿ ಲೆಕ್ಕ ನಂಬ್ತೀನಿ, ಇಡೀ ಪ್ರಪಂಚದ ಮೊತ್ತ ಬೇಕಿದ್ರೆ ಎಫ್‌ಎಓ ನೋಡ್ತೀನಿ.

ನಮ್ಮ ದೇಶಕ್ಕೆ ಈ ಸ್ವಂತ ಅಳತೆ ಯಾಕೆ ಅಷ್ಟು ಮುಖ್ಯ ಆಯ್ತು ಅಂತ ಸ್ವಲ್ಪ ಹಿಂದಿನ ಕಥೆ ಗೊತ್ತಿರಲಿ. 1990ರ ಸುಮಾರಿಗೆ ಅಮೆರಿಕದ ಪರಿಸರ ಸಂರಕ್ಷಣಾ ಏಜೆನ್ಸಿಯ ಲೆಕ್ಕದಲ್ಲಿ ಭಾರತದ ಗದ್ದೆಗಳಿಂದಲೇ ವರ್ಷಕ್ಕೆ 3.78 ಕೋಟಿ ಟನ್ ಮೀಥೇನ್ ಅಂತಿತ್ತು. ಈಗ ಇಡೀ ಪ್ರಪಂಚದ ಭತ್ತದಿಂದ ಬರೋದೇ ಸುಮಾರು 3 ಕೋಟಿ ಟನ್ ಅಂತ ಲೆಕ್ಕ, ನೋಡಿ ಎಲ್ಲಿಗೆ ಹೋಗಿತ್ತು! ಹೊರಗಡೆ ಬೇರೆ ಹವಾಮಾನ, ಬೇರೆ ಮಣ್ಣಲ್ಲಿ ಅಳೆದಿದ್ದನ್ನ ನಮ್ಮ ಎಲ್ಲಾ ಗದ್ದೆಗೂ ಗುಣಿಸಿಬಿಟ್ಟಿದ್ರು. ಆಗ 1991ರಲ್ಲಿ ದೆಹಲಿಯ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯ ಎ.ಪಿ. ಮಿತ್ರ ಅವರ ಮುಂದಾಳತ್ವದಲ್ಲಿ ದೇಶದ ಬೇರೆ ಬೇರೆ ಕಡೆ ಗದ್ದೆಗಿಳಿದು ಅಳೆದ್ರು, ಬಂದಿದ್ದು 40 ಲಕ್ಷ ಟನ್ ಆಸುಪಾಸು. ಹತ್ತರಲ್ಲಿ ಒಂದು ಪಾಲು. ಅದೇ ವರ್ಷ ಪರಿಸರವಾದಿಗಳಾದ ಅನಿಲ್ ಅಗರ್ವಾಲ್, ಸುನೀತಾ ನಾರಾಯಣ್ ಅವರು ಬಡವನ ಅನ್ನದ ಮೀಥೇನನ್ನೂ ಶ್ರೀಮಂತನ ಕಾರಿನ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ಹಾಕ್ಬೇಡಿ ಅಂತ ವಾದ ಎತ್ತಿದ್ರು. ಮೀಥೇನ್ ಇಳಿಸ್ತೀವಿ ಅಂತ ಹಲವು ದೇಶ ಸೇರಿ ಮಾಡಿದ 2021ರ ಗ್ಲೋಬಲ್ ಮೀಥೇನ್ ಪ್ಲೆಡ್ಜ್‌ಗೆ ಭಾರತ ಸಹಿ ಹಾಕದೇ ಇದ್ದಾಗ ಸರ್ಕಾರ ಹೇಳಿದ್ದೂ ಹೆಚ್ಚುಕಮ್ಮಿ ಅದೇ ಮಾತು. ಚೀನಾನೂ ಅದಕ್ಕೆ ಸೇರ್ಲಿಲ್ಲ, ಆದ್ರೆ 2023ರ ನವೆಂಬರ್‌ನಲ್ಲಿ ತನ್ನದೇ ಒಂದು ಮೀಥೇನ್ ಕ್ರಿಯಾಯೋಜನೆ ಪ್ರಕಟಿಸ್ತು.

ಅಳೆಯೋದು ಹೇಗೆ ಅಂತ ನಿಮ್ಮ ಕಾಲೇಜಲ್ಲಿ ತೋರಿಸಿದಾರೋ ಇಲ್ವೋ ಗೊತ್ತಿಲ್ಲ, ಇದನ್ನ ಒಂದ್ಸಲ ಕಣ್ಣಾರೆ ನೋಡಿದ್ರೆ ಆಮೇಲೆ ಯಾವ ಅಂಕಿನ ಎಷ್ಟು ನಂಬ್ಬೇಕು ಅಂತ ತಾನೇ ಗೊತ್ತಾಗುತ್ತೆ. ಗದ್ದೆ ಕೆಸರಿಗೆ ಒಂದು ಲೋಹದ ಚೌಕಟ್ಟು ಒತ್ತಿ ಕೂರಿಸಿರ್ತಾರೆ, ಅದರೊಳಗೆ ನಾಲ್ಕೋ ಆರೋ ಬುಡ ಭತ್ತ ಇರುತ್ತೆ. ಅಳೆಯೋ ದಿನ ಅದರ ಮೇಲೆ ಅಕ್ರಿಲಿಕ್ ಪೆಟ್ಟಿಗೆ ಮುಚ್ಚಿ, ಚೌಕಟ್ಟಿನ ಕಾಲುವೆಗೆ ನೀರು ತುಂಬಿ ಗಾಳಿ ಆಡದ ಹಾಗೆ ಮಾಡಿ, ಮುಚ್ಚಿದ ಕೂಡ್ಲೇ ಒಂದ್ಸಲ, ಹದಿನೈದು ನಿಮಿಷಕ್ಕೆ ಒಂದ್ಸಲ, ಅರ್ಧ ಗಂಟೆಗೆ ಒಂದ್ಸಲ ಸಿರಿಂಜಲ್ಲಿ ಒಳಗಿನ ಗಾಳಿ ಎಳ್ಕೊಂಡು ಲ್ಯಾಬಿನ ಗ್ಯಾಸ್ ಕ್ರೊಮಾಟೊಗ್ರಾಫ್‌ಗೆ (ಯಾವ ಅನಿಲ ಎಷ್ಟಿದೆ ಅಂತ ಅಳೆಯೋ ಯಂತ್ರ) ಕೊಡ್ತಾರೆ. ಅಲ್ಲಿ ತನಕ ಹೋಗೋಕೆ ಹಲಗೆ ಹಾಕಿರ್ತಾರೆ, ಯಾಕಂದ್ರೆ ಕೆಸರಿಗೆ ಕಾಲಿಟ್ರೆ ಗುಳುಗುಳು ಅಂತ ಗುಳ್ಳೆ ಎದ್ದು ಪೆಟ್ಟಿಗೆ ಒಳಗೆ ಸೇರ್ಕೊಳ್ಳುತ್ತೆ, ಆ ಒಂದು ಹೆಜ್ಜೆಗೆ ಅವತ್ತಿನ ರೀಡಿಂಗ್ ಹಾಳು. ಪೈರು ಎತ್ತರ ಆದಂಗೆ ಪೆಟ್ಟಿಗೆ ಮೇಲೆ ಪೆಟ್ಟಿಗೆ ಜೋಡಿಸ್ಬೇಕು. ಬಿಸಿಲಿಗೆ ಒಳಗಡೆ ಕಾದು ಹೋಗುತ್ತೆ, ಅದಕ್ಕೊಂದು ಸಣ್ಣ ಫ್ಯಾನ್, ಥರ್ಮಾಮೀಟರ್. ಇಷ್ಟೆಲ್ಲಾ ಮಾಡಿ ವಾರಕ್ಕೆ ಒಂದೋ ಎರಡೋ ದಿನ, ಬೆಳಗಿನ ಹೊತ್ತು ಅಳೆದಿದ್ದನ್ನ ಇಡೀ ಹಂಗಾಮಿಗೆ, ಆಮೇಲೆ ಇಡೀ ಜಿಲ್ಲೆಗೆ ಹಿಗ್ಗಿಸ್ತಾರೆ. ಅಂಕಿ ಮುಂದೆ ದಶಾಂಶ ಬಿಂದು ನೋಡಿ ಮರುಳಾಗ್ಬೇಡಿ ಅಂತ ಇದಕ್ಕೇ ಹೇಳೋದು.

ಸ್ಯಾಟಲೈಟ್ ಇದೆಯಲ್ಲಾ ಅಂತ ಕೇಳ್ತೀರಿ. 2017ರಲ್ಲಿ ಹಾರಿಸಿದ ಯುರೋಪಿನ ಸೆಂಟಿನೆಲ್-5ಪಿ ದಿನಾ ಮೀಥೇನ್ ನೋಡುತ್ತೆ ನಿಜ, ಆದ್ರೆ ನಮ್ಮಲ್ಲಿ ಭತ್ತ ನಾಟಿಯಾಗಿ ಗದ್ದೆ ತುಂಬಾ ನೀರಿರೋದೇ ಮುಂಗಾರಲ್ಲಿ, ಆಗ ಆಕಾಶ ತುಂಬಾ ಮೋಡ. ಮೋಡ ಸರಿದ್ರೂ ಗಂಗಾ ಬಯಲಲ್ಲಿ ಗದ್ದೆ, ಜೌಗು, ದನ ಮೂರೂ ಒಂದೇ ಕಡೆ, ಮೇಲಿಂದ ನೋಡಿದ್ರೆ ಯಾವುದು ಯಾರ ಮೀಥೇನ್ ಅಂತ ಬಿಡಿಸೋದು ಕಷ್ಟ.

ಈಗ ಮುಖ್ಯ ವಿಷಯಕ್ಕೆ. ಗದ್ದೆಯಲ್ಲಿ ನೀರು ನಿಂತ್ರೆ ಕೆಲವು ದಿನದಲ್ಲಿ ಮಣ್ಣಿನ ಆಕ್ಸಿಜನ್ ಮುಗಿಯುತ್ತೆ, ಆಮೇಲೆ ಸೂಕ್ಷ್ಮಜೀವಿಗಳು ನೈಟ್ರೇಟು, ಮ್ಯಾಂಗನೀಸು, ಕಬ್ಬಿಣ, ಸಲ್ಫೇಟು ಹೀಗೆ ಒಂದೊಂದಾಗಿ ಬಳಸ್ಕೊಂಡು ಮುಗಿಸ್ತವೆ, ಎಲ್ಲಾ ಖಾಲಿಯಾದ ಮೇಲೆ ಮೀಥೇನ್ ಮಾಡೋ ಜೀವಿಗಳ ಸರದಿ. ಗೋಬರ್ ಗ್ಯಾಸ್ ಗುಂಡಿಯಲ್ಲಿ ಇರೋದೂ ಇದೇ ಗುಂಪು. ಅವಕ್ಕೆ ತಿನ್ನೋಕೆ ಕಾರ್ಬನ್ ಬೇಕು, ಕಾರ್ಬನ್ ಬರೋದು ಬೇರಿನ ರಸದಿಂದ, ಕೂಳೆಯಿಂದ, ಗೊಬ್ಬರದಿಂದ, ಹುಲ್ಲಿಂದ. ಹುಟ್ಟಿದ ಮೀಥೇನ್‌ನಲ್ಲಿ ದೊಡ್ಡ ಪಾಲು ಗುಳ್ಳೆಯಾಗಿ ಅಲ್ಲ, ಭತ್ತದ ಗಿಡದ ಒಳಗಿರೋ ಗಾಳಿ ನಾಳಗಳ ಮೂಲಕ, ಬೇರಿಂದ ಎಲೆ ಕವಚದವರೆಗೆ ಬಂದು ಹೊರಗೆ ಹೋಗುತ್ತೆ. ಅಂದ್ರೆ ನೀರು ಗಾಳಿಗೆ ಬಾಗಿಲು ಹಾಕುತ್ತೆ, ಅಡುಗೆಗೆ ಸಾಮಾನು ಒದಗಿಸೋದು ಹುಲ್ಲು. ಎರಡೂ ಬೇಕು.

ಚೀನಾದಲ್ಲಿ ಎರಡೂ ಇದೆ. ಅಲ್ಲಿ ಭತ್ತ ಹೆಚ್ಚುಕಮ್ಮಿ ಪೂರ್ತಿ ನೀರಾವರಿ, ನಮ್ಮಲ್ಲಿ ಭತ್ತದ ಏರಿಯಾದಲ್ಲಿ ದೊಡ್ಡ ಭಾಗ ಇವತ್ತಿಗೂ ಮಳೆ ನಂಬ್ಕೊಂಡಿದೆ, ಒಡಿಶಾ, ಛತ್ತೀಸ್‌ಗಢ, ಜಾರ್ಖಂಡ್, ಅಸ್ಸಾಂ, ನಮ್ಮ ಮಲೆನಾಡು ಎಲ್ಲಾ ಇದೇ ಲೆಕ್ಕ. ಹುಲ್ಲಿಗೆ ಬಂದ್ರೆ, ಚೀನಾದಲ್ಲಿ ಮುಂಚೆ ಹುಲ್ಲು ಒಲೆಗೆ ಹೋಗ್ತಿತ್ತು, ಆಮೇಲೆ ಹೊಲದಲ್ಲೇ ಸುಡ್ತಿದ್ರು, ಅದಕ್ಕೆ ನಿಷೇಧ ಬಿಗಿಯಾದ ಮೇಲೆ ಕಟಾವು ಮೆಷಿನ್ನೇ ಹುಲ್ಲು ಕತ್ತರಿಸಿ ಹರಡಿ ಹೋಗುತ್ತೆ, ಉಳುಮೆಯಲ್ಲಿ ಮಣ್ಣಿಗೆ ಸೇರುತ್ತೆ. ಮಣ್ಣಿಗೆ ಒಳ್ಳೇದೇ, ಗಾಳಿಗೂ ಒಳ್ಳೇದೇ, ಮೀಥೇನ್‌ಗೆ ಮಾತ್ರ ಹಬ್ಬ. ಹುನಾನ್, ಜಿಯಾಂಗ್ಶಿಯಂಥ ದಕ್ಷಿಣದ ಪ್ರಾಂತ್ಯಗಳಲ್ಲಿ ವರ್ಷಕ್ಕೆ ಎರಡು ಭತ್ತ, ಮೊದಲ ಬೆಳೆ ಕೊಯ್ದು ಹೆಚ್ಚು ದಿನ ಕಳೆಯೋ ಮುಂಚೆ ಎರಡನೇದರ ನಾಟಿ, ಹಸಿ ಹುಲ್ಲು ನೇರ ಕೆಸರಿಗೆ. ಇನ್ನು ಸಿಚುವಾನ್ ಕಡೆ ಗುಡ್ಡದ ಮಡಿಗಳಲ್ಲಿ ಮುಂದಿನ ನಾಟಿಗೆ ನೀರು ಸಿಗುತ್ತೋ ಇಲ್ವೋ ಅಂತ ಚಳಿಗಾಲ ಪೂರ್ತಿ ನೀರು ಕಟ್ಟಿಡೋ ಪದ್ಧತಿ ಇತ್ತು, ಈಗ್ಲೂ ಕೆಲವು ಕಡೆ ಇದೆ. ಐಪಿಸಿಸಿ 2019ರ ಗುಣಕದ ಪ್ರಕಾರ ನಾಟಿಗೆ ಮುಂಚೆ ಮೂವತ್ತು ದಿನಕ್ಕಿಂತ ಹೆಚ್ಚು ನೀರು ನಿಂತಿದ್ರೆ ಆ ಗದ್ದೆಯ ಮೀಥೇನ್ 2.41 ಪಟ್ಟು.

ಅದೇ ಗುಣಕಗಳನ್ನ ಇಟ್ಕೊಂಡು ಪೇಪರ್ ಮೇಲೆ ಒಂದು ಲೆಕ್ಕ ಮಾಡಿ ತೋರಿಸ್ತೀನಿ, ನಿಮ್ಮ ಸೆಮಿನಾರಿಗೆ ಇದೇ ಹಾಕ್ಕೊಳ್ಳಿ, ಆದ್ರೆ ಇದು ಊಹೆಯ ಗದ್ದೆ ಅಂತ ಕೆಳಗೆ ಬರೀರಿ. ಪೂರ್ವ ಏಷ್ಯಾಕ್ಕೆ ಮೂಲ ಗುಣಕ ದಿನಕ್ಕೆ ಹೆಕ್ಟೇರಿಗೆ 1.32 ಕೆಜಿ, ದಕ್ಷಿಣ ಏಷ್ಯಾಕ್ಕೆ 0.85, ಎರಡಕ್ಕೂ ಬೆಳೆ 112 ದಿನ. ಚೀನಾದ ಗದ್ದೆ: ಸೀಸನ್‌ನಲ್ಲಿ ಹಲವು ಸಲ ನೀರು ಬಿಟ್ಟು ಒಣಗಿಸ್ತಾರೆ, ಅದಕ್ಕೆ 0.55, ಹಾಗಾಗಿ 1.32 ಇಂಟು 112 ಇಂಟು 0.55, ಅಂದ್ರೆ 81 ಕೆಜಿ. ಈಗ ನಾಟಿಗೆ ಸ್ವಲ್ಪ ಮುಂಚೆ 5 ಟನ್ ಒಣ ಹುಲ್ಲು ಸೇರಿಸಿ, 2.88 ಪಟ್ಟು ಆಗುತ್ತೆ, 234 ಕೆಜಿ. ನೀರು ಬಿಟ್ಟು ಉಳಿಸಿದ್ದನ್ನೆಲ್ಲಾ ಹುಲ್ಲು ತಿಂದು ಮೇಲೂ ಕೇಳ್ತು. ಭಾರತದ ಕಾಲುವೆ ಗದ್ದೆ: ನಾಟಿಯಿಂದ ಕೊಯ್ಲಿನ ತನಕ ನೀರು ನಿಂತೇ ಇದೆ, ಹುಲ್ಲು ಇಲ್ಲ, 5 ಟನ್ ಕೊಟ್ಟಿಗೆ ಗೊಬ್ಬರ ಹಾಕಿದಾರೆ, 0.85 ಇಂಟು 112 ಅಂದ್ರೆ 95, ಗೊಬ್ಬರಕ್ಕೆ ಇಂಟು 1.53, ಅಂದ್ರೆ 145 ಕೆಜಿ. ಬರ ಬೀಳೋ ಮಳೆಯಾಶ್ರಿತ ಗದ್ದೆಗೆ ಗುಣಕ ಬರೀ 0.16, ಅದೇ ಗೊಬ್ಬರ ಹಾಕಿದ್ರೂ 23 ಕೆಜಿ.

ಈಗ ಟನ್ನಿಗೆ ಹಂಚಿ. ಚೀನಾದ 234 ಕೆಜಿಯನ್ನ 7 ಟನ್ನಿಗೆ ಹಂಚಿದ್ರೆ 33. ನಮ್ಮ ಕಾಲುವೆ ಗದ್ದೆಯ 145ನ್ನ ದೇಶದ ಸರಾಸರಿ 4.2 ಟನ್ನಿಗೆ ಹಂಚಿದ್ರೆ 35, ಅಂದ್ರೆ ನಾವೇ ಮುಂದೆ! ಕಾಲುವೆ ಗದ್ದೆಯಲ್ಲಿ ಇಳುವರಿ ಸರಾಸರಿಗಿಂತ ಜಾಸ್ತಿ ಇರುತ್ತಲ್ಲಾ, 5.5 ಟನ್ ಹಾಕಿದ್ರೆ 26ಕ್ಕೆ ಇಳಿಯುತ್ತೆ. ನೋಡಿ, ಇಳುವರಿ 1.3 ಟನ್ ಆಚೀಚೆ ಆದ್ರೆ ಯಾರು ಮೇಲು ಅನ್ನೋದೇ ತಿರುಗುಮುರುಗು ಆಗುತ್ತೆ. ಅದಕ್ಕೇ ಹೇಳಿದ್ದು ಕ್ಲೀನ್ ಅನ್ನೋ ಪದ ಬೇಡ ಅಂತ. ನಮ್ಮ ರಾಷ್ಟ್ರೀಯ ಸರಾಸರಿ ಕಮ್ಮಿ ಇರೋದಕ್ಕೆ ಒಂದು ಕಾರಣ ಒಳ್ಳೇ ಬೇಸಾಯ ಅಲ್ಲವೇ ಅಲ್ಲ, ಜಾರ್ಖಂಡಿನ ರೈತನ ಗದ್ದೆಗೆ ನೀರಿಲ್ಲ ಅನ್ನೋದು. ಅದನ್ನ ಸಾಧನೆ ಅಂತ ತೋರಿಸ್ಕೊಳ್ಳೋದು ನನಗಂತೂ ಸರಿ ಕಾಣಲ್ಲ.

ಇನ್ನು ನಮ್ಮ ಹುಲ್ಲು ಎಲ್ಲಿ ಹೋಯ್ತು? ದಕ್ಷಿಣದಲ್ಲೂ ಪೂರ್ವದಲ್ಲೂ ಬಹುಪಾಲು ಬಣವೆಗೆ, ಅಲ್ಲಿಂದ ದನಕ್ಕೆ. ಪಂಜಾಬ್ ಹರಿಯಾಣದಲ್ಲಿ ಬೆಂಕಿಗೆ, ಭತ್ತ ಕೊಯ್ದು ಗೋಧಿ ಬಿತ್ತೋಕೆ ಮಧ್ಯೆ ಸಿಗೋದು ಎರಡು ಮೂರು ವಾರ ಅಷ್ಟೆ. ಸುಟ್ಟಿದ್ದು ವರದಿಯಲ್ಲಿ ಬೆಳೆ ತ್ಯಾಜ್ಯ ದಹನ ಅನ್ನೋ ಬೇರೆ ಸಾಲಲ್ಲಿ ಬರುತ್ತೆ, ದನ ತಿಂದಿದ್ದು ಪಶುಗಳ ಸಾಲಲ್ಲಿ. ಭತ್ತದ ಸಾಲು ಮಾತ್ರ ತೆಳ್ಳಗೆ ಕಾಣುತ್ತೆ. ಒಂದು ಟನ್ ಒಣ ಹುಲ್ಲು ದನ ತಿಂದ್ರೆ ಎಷ್ಟು ಮೀಥೇನ್ ಅಂತ ನೋಡೋಣ. ಐಪಿಸಿಸಿ ಲೆಕ್ಕದಲ್ಲಿ ಮೇವಿನ ಒಟ್ಟು ಶಕ್ತಿ ಕೆಜಿಗೆ ಸುಮಾರು 18.45 ಮೆಗಾಜೂಲ್, ಅದರಲ್ಲಿ ಶೇಕಡಾ 6.5ರಷ್ಟು ಮೀಥೇನ್ ಆಗಿ ಹೋಗುತ್ತೆ ಅಂತ ಇಟ್ಕೊಂಡ್ರೆ, ಟನ್ನಿಗೆ 21 ಕೆಜಿ ಚಿಲ್ಲರೆ. ಮೇಲಿನ ಚೀನಾ ಗದ್ದೆಯಲ್ಲಿ 5 ಟನ್ ಹುಲ್ಲು ಸೇರಿಸಿದ್ದಕ್ಕೆ ಹೆಚ್ಚಾಗಿದ್ದು 153 ಕೆಜಿ, ಟನ್ನಿಗೆ 30. ಅಂದ್ರೆ ಅದೇ ಹುಲ್ಲು, ಅವರ ಕೆಸರಲ್ಲಿ 30 ಕೆಜಿ ಕೊಡ್ತು, ನಮ್ಮ ಎಮ್ಮೆ ಹೊಟ್ಟೆಯಲ್ಲಿ 21 ಕೊಡ್ತು. ಎಮ್ಮೆ ಜೊತೆಗೆ ಹಾಲೂ ಸಗಣಿನೂ ಕೊಡುತ್ತೆ ಅನ್ನೋದು ನಮ್ಮ ಪರವಾಗಿ ಹೇಳ್ಬೇಕಾದ ಮಾತು, ಆದ್ರೆ ಭತ್ತದ ಅಂತರ ಅಂತ ಕಾಣೋದ್ರಲ್ಲಿ ಸ್ವಲ್ಪ ಬರೀ ಸಾಲು ಬದಲಾವಣೆ ಅನ್ನೋದೂ ನಿಜ. 2016ರ ನಮ್ಮ ವರದಿಯಲ್ಲಿ ಕೃಷಿ ವಿಭಾಗದ ಒಟ್ಟು ಹೊರಸೂಸುವಿಕೆಯಲ್ಲಿ ಭತ್ತ ಶೇಕಡಾ 17.5, ಜಾನುವಾರುಗಳ ಜೀರ್ಣಕ್ರಿಯೆ ಶೇಕಡಾ 54.6. ಈ ಎರಡು ಸಾಲನ್ನ ಬೇರೆ ಬೇರೆ ಓದೋದು ನನಗೆ ಅರ್ಧ ಓದಿದಂಗೆ ಅನ್ಸುತ್ತೆ.

ತಲೆಗೆ ಹಂಚೋದೂ ಒಂದಿದೆ, ಅದನ್ನ ಬೇಗ ಮುಗಿಸ್ತೀನಿ. ಆಗಿನ ಜನಸಂಖ್ಯೆಗೆ ಚೀನಾದವರಿಗೆ ತಲೆಗೆ ಆರೂವರೆ ಕೆಜಿ, ನಮಗೆ ಎರಡೂವರೆ ಕೆಜಿ ಮೀಥೇನ್. ಆದ್ರೆ ನಾವು ಪ್ರಪಂಚದ ಅಕ್ಕಿ ವ್ಯಾಪಾರದಲ್ಲಿ ಹತ್ರ ಹತ್ರ ಶೇಕಡಾ 40ರಷ್ಟು ರಫ್ತು ಮಾಡೋರು, ಚೀನಾ ಬೆಳೆದಿದ್ದನ್ನ ಬಹುಪಾಲು ತಾನೇ ಉಣ್ಣೋ ದೇಶ, ಹಾಗಾಗಿ ನಮ್ಮ ಗದ್ದೆ ಮೀಥೇನ್‌ನಲ್ಲಿ ಒಂದು ಪಾಲು ಬೇರೆಯವರ ತಟ್ಟೆಯ ಅನ್ನದ್ದು. ಇನ್ನು ಯೂರಿಯಾ ತಯಾರಿಕೆ, ಪಂಪ್‌ಸೆಟ್ ಕರೆಂಟು ಇವೆಲ್ಲಾ ಭತ್ತದ ಸಾಲಿಗೆ ಬರಲ್ಲ. ಚೀನಾದ ಯೂರಿಯಾ ಬಹುಪಾಲು ಕಲ್ಲಿದ್ದಲಿಂದ, ನಮ್ದು ನೈಸರ್ಗಿಕ ಅನಿಲದಿಂದ ಅನ್ನೋದನ್ನ ಒಂದು ಅಡಿಟಿಪ್ಪಣಿಯಾಗಿ ಹಾಕಿ ಸಾಕು.

ಈಗ ಕೊನೇ ಪ್ರಶ್ನೆ, ನೀರು ಬಿಟ್ಟು ಬಿಟ್ಟು ಕೊಟ್ರೆ ಮುಗೀತಾ ಅಂತ. ಚೀನಾ ಇದನ್ನ ಹವಾಮಾನದ ಚಿಂತೆಗೆ ಮಾಡಿದ್ದೇ ಅಲ್ಲ. ತೆಂಡೆ (ಬುಡದ ಕವಲು) ಹೊಡೆಯೋದು ಮುಗಿಯೋ ಹೊತ್ತಿಗೆ ಗದ್ದೆ ನೀರು ಹೊರಗೆ ಬಿಟ್ಟು ವಾರ ಹತ್ತು ದಿನ ನೆಲ ಬಿರಿಯೋ ತನಕ ಒಣಗಿಸಿದ್ರೆ ಬೇಡದ ತೆಂಡೆ ನಿಲ್ಲುತ್ತೆ, ಬೇರು ಆಳಕ್ಕಿಳಿಯುತ್ತೆ, ಪೈರು ಮಲಗಲ್ಲ, ಇಳುವರಿ ಜಾಸ್ತಿ, ನೀರೂ ಉಳಿಯುತ್ತೆ ಅಂತ 1980ರ ದಶಕದಿಂದ ದೇಶದ ಉದ್ದಗಲಕ್ಕೂ ಹಬ್ಬಿತು. ಆಮೇಲೆ ವಿಜ್ಞಾನಿಗಳು ಮಾಡೆಲ್ ಹಾಕಿ ನೋಡಿದ್ರೆ 1980ರಿಂದ 2000ದ ನಡುವೆ ಇದರಿಂದ್ಲೇ ವರ್ಷಕ್ಕೆ ಸುಮಾರು 50 ಲಕ್ಷ ಟನ್ ಮೀಥೇನ್ ಇಳಿದಿತ್ತು. ನಮ್ಮ ಇಡೀ ದೇಶದ ಭತ್ತದ ಮೀಥೇನ್‌ಗಿಂತ ಜಾಸ್ತಿ! ರೈತನ ಇಳುವರಿಗೆ ಲಾಭ ಇದ್ರೆ ಯಾರೂ ಹೇಳದೇನೇ ಹಬ್ಬುತ್ತೆ ಅನ್ನೋದಕ್ಕೆ ನನಗೆ ಗೊತ್ತಿರೋ ದೊಡ್ಡ ಉದಾಹರಣೆ ಇದು.

ನಮ್ಮಲ್ಲಿ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರ ತೂತು ಪೈಪಿನ ಪದ್ಧತಿ ಹೇಳಿಕೊಡ್ತಾರೆ, ಗದ್ದೆಯಲ್ಲಿ ತೂತು ಮಾಡಿದ ಪೈಪ್ ಹೂತು, ಅದರೊಳಗೆ ನೀರು ಮಣ್ಣಿಗಿಂತ 15 ಸೆಂಟಿಮೀಟರ್ ಕೆಳಗೆ ಇಳಿದ ಮೇಲೆ ಮತ್ತೆ ನೀರು ಕಟ್ಟೋದು, ಹೂ ಬಿಡೋ ಹೊತ್ತಲ್ಲಿ ಮಾತ್ರ ಒಣಗಿಸಬಾರದು. ಮೀಥೇನ್ ಮೂರರಲ್ಲಿ ಒಂದು ಪಾಲಿನಿಂದ ಅರ್ಧದವರೆಗೂ ಇಳಿಯುತ್ತೆ. ಸ್ವಂತ ಬೋರ್ ಇರೋ ರೈತ ಇದನ್ನ ಮಾಡ್ಬೋದು, ಬೇಕಾದಾಗ ಸ್ವಿಚ್ ಹಾಕ್ತಾನೆ. ಕಾಲುವೆ ರೈತ ಹೇಗೆ ಮಾಡ್ತಾನೆ? ತುಂಗಭದ್ರಾ ಎಡದಂಡೆಯಲ್ಲಿ ಗಂಗಾವತಿ ಕಾರಟಗಿ ಕಡೆ ಮೇಲ್ಭಾಗದವರಿಗೆ ನೀರು ಸಲೀಸು, ಸಿಕ್ಕಾಗ ಬದು ತುಂಬಾ ನಿಲ್ಲಿಸ್ಕೊಳ್ತಾರೆ, ಈಗ ಬಿಟ್ರೆ ಮುಂದಿನ ಸರದಿಗೆ ಬರುತ್ತೆ ಅನ್ನೋ ಗ್ಯಾರಂಟಿ ಯಾರು ಕೊಡ್ತಾರೆ. ಕೆಳಗಡೆ ರಾಯಚೂರು ಜಿಲ್ಲೆಯ ಟೇಲ್ ಎಂಡ್ (ಕಾಲುವೆ ಕೊನೆಯ) ರೈತರು ನೀರು ಸಿಗದೇನೇ ಕೂರಿಗೆ ಭತ್ತಕ್ಕೆ ಹೋದ್ರು, ನಾಟಿ ಇಲ್ಲ, ಕೆಸರು ಮಾಡೋದಿಲ್ಲ, ಒಣ ನೆಲದಲ್ಲಿ ಬಿತ್ತನೆ, ಮೀಥೇನ್ ತಾನಾಗಿಯೇ ಕಮ್ಮಿ, ಕಳೆ ಮಾತ್ರ ಜೀವ ತಿನ್ನುತ್ತೆ. ಪಂಜಾಬ್ ಸರ್ಕಾರ ಅಂತರ್ಜಲ ಉಳಿಸೋಕೆ ಅಂತ 2022ರಲ್ಲಿ ಇದೇ ನೇರ ಬಿತ್ತನೆಗೆ ಎಕರೆಗೆ 1500 ರೂಪಾಯಿ ಕೊಡೋಕೆ ಶುರು ಮಾಡ್ತು.

ಒಣಗಿಸೋದ್ರಲ್ಲಿ ಇನ್ನೊಂದು ಕೊಕ್ಕೆ ಇದೆ, ನೈಟ್ರಸ್ ಆಕ್ಸೈಡ್. ಮಣ್ಣು ಒದ್ದೆ ಒಣ ಒದ್ದೆ ಒಣ ಅಂತ ಆಡಿದಾಗ ಯೂರಿಯಾದ ಸಾರಜನಕ ಈ ಅನಿಲವಾಗಿ ಹೋಗುತ್ತೆ, ಒಂದು ಕೆಜಿ 273 ಕೆಜಿ ಸಿಓಟುಗೆ ಸಮ. ಐಪಿಸಿಸಿ ಗುಣಕ ಹಾಕಿದ್ರೆ ಭಯ ಕಮ್ಮಿ, 100 ಕೆಜಿ ಸಾರಜನಕಕ್ಕೆ 0.8 ಕೆಜಿ ನೈಟ್ರಸ್ ಆಕ್ಸೈಡ್, ಅಂದ್ರೆ 215 ಕೆಜಿ ಸಿಓಟು, 100 ಕೆಜಿ ಮೀಥೇನ್ ಉಳಿಸಿದ್ರೆ ಸಿಗೋದು 2700. ಆದ್ರೆ ದಕ್ಷಿಣ ಭಾರತದ ಗದ್ದೆಗಳಲ್ಲಿ ಮಾಡಿ 2018ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ತೀರಾ ಒಣಗಿಸಿದ ಕಡೆ ಇದು ಎಲ್ಲರೂ ಅಂದ್ಕೊಂಡಿದ್ದಕ್ಕಿಂತ ಬಹಳ ಪಟ್ಟು ಬಂತು, ಅದರ ಬಗ್ಗೆ ತಜ್ಞರಲ್ಲಿ ಜಗಳನೂ ಆಯ್ತು. ನಾನು ಅದನ್ನ ಪೂರ್ತಿ ಒಪ್ಪಲ್ಲ, ತಳ್ಳಿಯೂ ಹಾಕಲ್ಲ, ಲಘು ಒಣಗಿಸುವಿಕೆ ಸಾಕು ನೆಲ ಬಿರಿಯೋ ತನಕ ಬೇಡ, ಯೂರಿಯಾ ಒಣ ನೆಲಕ್ಕೆ ಎರಚ್ಬೇಡಿ ಅಂತ ಹೇಳ್ತೀನಿ. ಚೀನಾದಲ್ಲಿ ಹೆಕ್ಟೇರಿಗೆ ಹಾಕೋ ಸಾರಜನಕ ನಮಗಿಂತ ಜಾಸ್ತಿ, ಹಾಗಾಗಿ ಈ ಕೊಕ್ಕೆ ಅವರಿಗೆ ಇನ್ನೂ ದೊಡ್ಡದು.

ಕಾರ್ಬನ್ ಕ್ರೆಡಿಟ್ (ಹೊರಸೂಸುವಿಕೆ ಇಳಿಸಿದ್ದಕ್ಕೆ ಸಿಗೋ, ಮಾರಬಹುದಾದ ಪತ್ರ) ಕಂಪನಿಗಳು ಈಗ ಎರಡೂ ದೇಶದ ಗದ್ದೆ ಬದುಗಳಲ್ಲಿ ಓಡಾಡ್ತಿವೆ, ಸೆಮಿನಾರಲ್ಲಿ ಇದನ್ನ ಯಾರಾದ್ರೂ ಕೇಳೇ ಕೇಳ್ತಾರೆ. ಕ್ರೆಡಿಟ್ ಸಿಗೋದು ಮುಂಚೆ ನೀರು ನಿಲ್ಲಿಸ್ತಿದ್ದು ಈಗ ಬಿಡೋಕೆ ಶುರು ಮಾಡಿದವನಿಗೆ. ಚೀನಾದಲ್ಲಿ ನೀರು ಬಿಡೋದು ಮೊದಲಿಂದಲೂ ರೂಢಿ, ಹಾಗಿದ್ರೆ ಹೊಸದಾಗಿ ಏನು ಉಳಿಸಿದ್ರಿ ಅನ್ನೋದೇ ಟೀಕಾಕಾರರ ಪ್ರಶ್ನೆ ಆಗಿತ್ತು, ಕೊನೆಗೆ 2024ರ ಆಗಸ್ಟ್‌ನಲ್ಲಿ ಈ ಕ್ರೆಡಿಟ್‌ಗಳಿಗೆ ಮಾನ್ಯತೆ ಕೊಡೋ ವೆರಾ ಸಂಸ್ಥೆ ಅಲ್ಲಿನ 37 ಭತ್ತದ ಪ್ರಾಜೆಕ್ಟ್‌ಗಳನ್ನ ತಿರಸ್ಕರಿಸ್ತು. ನಮ್ಮ ಕಡೆ ಇದೇ ನಿಯಮ ಹಾಕಿದ್ರೆ ಮೇಲ್ಭಾಗದಲ್ಲಿ ವರ್ಷಗಟ್ಲೆ ನೀರು ತುಂಬಿಸ್ಕೊಂಡವನಿಗೆ ದುಡ್ಡು ಬರುತ್ತೆ, ನೀರಿಲ್ದೆ ಕೂರಿಗೆ ಹಿಡಿದು ಕಳೆ ಜೊತೆ ಒದ್ದಾಡಿದ ಟೇಲ್ ಎಂಡ್ ರೈತನಿಗೆ ಬರಲ್ಲ, ಯಾಕಂದ್ರೆ ಅವನು ಮೊದ್ಲೇ ಮಾಡ್ಬಿಟ್ಟಿದಾನೆ. ಇದಕ್ಕೆ ಏನು ಮಾಡ್ತೀರಿ ಅಂತ ನಿಮ್ಮನ್ನ ಕೇಳಿದ್ರೆ, ಹೆಕ್ಟೇರಿಗೆ ಇಂತಿಷ್ಟು ಮೀಥೇನ್ ಅಂತ ಪ್ರದೇಶಕ್ಕೊಂದು ಮಟ್ಟ ಇಟ್ಟು, ಅದಕ್ಕಿಂತ ಕೆಳಗಿರೋ ಎಲ್ಲರಿಗೂ ಕೊಡ್ಬೇಕು, ಯಾವಾಗ ಶುರು ಮಾಡಿದ ಅಂತ ನೋಡ್ಬಾರದು ಅನ್ನಿ, ನಾನಾದ್ರೆ ಅದನ್ನೇ ಹೇಳ್ತೀನಿ.